ಪಟ್ಟಿಯ ಕೊನೇ ಸಾಲಲ್ಲಿರೋ ಹೊಸನಗರ ಯಾಕೆ ಬಿಟ್ಟೋಗ್ತಿದೆ? ಫೈಲ್ ಕೊನೆಗೆ ನ್ಯೂಲೈನ್ (ಸಾಲು ಮುಗಿಸೋ ಕಾಣದ ಅಕ್ಷರ) ಬೇಕಾ ಬೇಡ್ವಾ?

ಮಳೆಲೆಕ್ಕ
ಎಲ್ರಿಗೂ ನಮಸ್ಕಾರ. ನಾವೊಂದಷ್ಟು ಜನ ಅಡಿಕೆ ಬೆಳೆಗಾರರು ಮನೆ ಅಂಗಳದಲ್ಲಿ ಮಳೆಮಾಪಕ ಇಟ್ಕೊಂಡಿದೀವಿ, ದಿನಾ ಬೆಳಗ್ಗೆ 8:30ಕ್ಕೆ ಅಳತೆ ತಗೊಂಡು ಗ್ರೂಪಿಗೆ ಹಾಕ್ತೀವಿ. ಅದನ್ನೆಲ್ಲ ಒಂದು ಬ್ಯಾಶ್ ಸ್ಕ್ರಿಪ್ಟು (ಕಮ್ಯಾಂಡ್‌ಗಳ ಸಣ್ಣ ಪ್ರೋಗ್ರಾಂ) ತಾಲೂಕುವಾರು ಕೂಡಿಸಿ ಒಂದು ಮೆಸೇಜ್ ಮಾಡತ್ತೆ. ತಾಲೂಕಿನ ಹೆಸರುಗಳು ಬೇರೆ ಫೈಲಲ್ಲಿವೆ. ತೀರ್ಥಹಳ್ಳಿ, ಭದ್ರಾವತಿ, ಶಿಕಾರಿಪುರ, ಶಿವಮೊಗ್ಗ, ಸಾಗರ, ಸೊರಬ, ಹೊಸನಗರ. ಒಟ್ಟು 7.

ಒಂದು ವಾರದಿಂದ ಮೆಸೇಜಲ್ಲಿ 6 ತಾಲೂಕು ಮಾತ್ರ ಬರ್ತಿದೆ. ಹೊಸನಗರ ಇಲ್ಲ. ಅಲ್ಲಿಯವರು ಅಳತೆ ಕಳಿಸಿಲ್ವೇನೋ ಅಂದ್ಕೊಂಡು ಫೋನ್ ಮಾಡಿದ್ರೆ, ದಿನಾ ಕಳಿಸ್ತಾನೇ ಇದೀವಲ್ಲ ನೀವೇ ಹಾಕ್ತಿಲ್ಲ ಅಂದ್ರು. ನೋಡಿದ್ರೆ ಡೇಟಾ ಇದೆ, ಪಟ್ಟೀಲಿ ಹೆಸರೂ ಇದೆ, ಸ್ಪೆಲ್ಲಿಂಗೂ ಸರಿ. ಡಬ್ಲ್ಯುಸಿ -ಎಲ್ ಅನ್ನೋ ಕಮ್ಯಾಂಡ್ ಕೊಟ್ಟು ಸಾಲು ಎಣಿಸಿದ್ರೆ 6 ಅಂತದೆ, ಕಣ್ಣಲ್ಲಿ ಎಣಿಸಿದ್ರೆ 7! ರಾತ್ರಿ ಹನ್ನೊಂದರವರೆಗೂ ಕೂತ್ಕೊಂಡು ಕೊನೆಗೆ ಗೊತ್ತಾಯ್ತು, ಪಟ್ಟೀನ ಕಳೆದ ವಾರ ಪೈಥಾನಲ್ಲಿ ಅಕಾರಾದಿಯಾಗಿ ಜೋಡಿಸಿ ಜಾಯಿನ್ ಮಾಡಿ (ಹೆಸರುಗಳ ಮಧ್ಯೆ ಮಾತ್ರ ನ್ಯೂಲೈನ್ ಇಟ್ಟು ಸೇರಿಸಿ) ಬರೆದಿದ್ದೆ, ಹಂಗಾಗಿ ಕೊನೇ ಹೆಸರು ಆದ್ಮೇಲೆ ನ್ಯೂಲೈನ್ ಇಲ್ಲ. ಅಷ್ಟಕ್ಕೇ ಬ್ಯಾಶ್ ಆ ಸಾಲನ್ನೇ ಬಿಟ್ಟುಬಿಡತ್ತೆ.

ಅದೇ ಫೈಲನ್ನ ಪೈಥಾನಲ್ಲಿ ಓದಿದ್ರೆ 7 ಬರತ್ತೆ. ಎಡಿಟರಲ್ಲಿ 7. ಬ್ಯಾಶಲ್ಲಿ 6. ಒಂದೊಂದು ಸಾಫ್ಟ್‌ವೇರು ಒಂದೊಂದು ಥರ ಆಡಿದ್ರೆ ನಾವು ಯಾವುದನ್ನ ನಂಬೋದು? ನೀವೆಲ್ಲ ಯಾವ ಪದ್ಧತಿ ಇಟ್ಕೊಂಡಿದೀರಿ ಹೇಳಿ.

ಕಪ್ಪುಪರದೆ
ಫೈಲ್ ತಪ್ಪು, ಬ್ಯಾಶ್ ಸರಿ. ಪಾಸಿಕ್ಸ್ ಓದಿ.

ತುಂಗಾತೀರ
ಒಂದೇ ಸಾಲಲ್ಲಿ ಹಂಗಂದ್ರೆ ಅವರಿಗೇನು ಗೊತ್ತಾಗ್ಬೇಕು ಮಾರಾಯ್ರೇ. ಮಳೆಲೆಕ್ಕ ಅವ್ರೇ, ನಾನು ಹೇಳ್ತೀನಿ. ಪಾಸಿಕ್ಸ್ ಅಂದ್ರೆ ಯುನಿಕ್ಸ್ ಥರದ ಸಿಸ್ಟಂಗಳ ಸ್ಟ್ಯಾಂಡರ್ಡು, ಅದರಲ್ಲಿ 'ಸಾಲು' ಅನ್ನೋದಕ್ಕೆ ಒಂದು ವ್ಯಾಖ್ಯಾನ ಇದೆ: ನ್ಯೂಲೈನ್ ಅಲ್ಲದ ಸೊನ್ನೆ ಅಥವಾ ಹೆಚ್ಚು ಅಕ್ಷರ, ಆಮೇಲೆ ಮುಗಿಸೋ ಒಂದು ನ್ಯೂಲೈನ್. ಅಂದ್ರೆ ಆ ಕೊನೇ ಬೈಟು ಸಾಲಿನ ಒಳಗಿನ ಭಾಗವೇ, ಅದಿಲ್ದೇ ಹೋದ್ರೆ ಅಲ್ಲಿರೋದು ಪೂರ್ತಿ ಆಗದ ಸಾಲು. ಡಬ್ಲ್ಯುಸಿ ನಿಜವಾಗಿ ಎಣಿಸೋದು ಸಾಲನ್ನಲ್ಲ, ನ್ಯೂಲೈನ್‌ಗಳನ್ನ. ನಿಮ್ಮ ಫೈಲಲ್ಲಿ ಅವು ಆರೇ.

ಇನ್ನು ಬ್ಯಾಶಲ್ಲಿ ಒಂದೊಂದೇ ಸಾಲು ಓದೋ ರೀಡ್ ಕಮ್ಯಾಂಡ್ ಏನು ಮಾಡತ್ತೆ ಅಂದ್ರೆ, 'ಹೊಸನಗರ' ಅನ್ನೋದನ್ನ ಓದಿ ವೇರಿಯೇಬಲ್ಲಿಗೆ ತುಂಬಿಸಿರತ್ತೆ, ಆದ್ರೆ ನ್ಯೂಲೈನ್ ಸಿಗೋ ಮೊದಲೇ ಫೈಲ್ ಮುಗೀತು ಅಂತ ಫೇಲ್ ಕೋಡ್ ವಾಪಸ್ ಕೊಡತ್ತೆ, ರೀಡನ್ನ ಮತ್ತೆ ಮತ್ತೆ ಓಡಿಸೋ ವೈಲ್ ಲೂಪು ಅದನ್ನ ನೋಡಿ ಹೊರಗೆ ಬಂದ್ಬಿಡತ್ತೆ. ಹೆಸರು ಕೈಯಲ್ಲಿದ್ದೂ ಕೆಲಸ ಆಗಲ್ಲ. ಅದಕ್ಕೇ ಅನುಭವ ಇರೋರು ಲೂಪಿನ ಷರತ್ತಲ್ಲಿ 'ರೀಡ್ ಗೆದ್ದರೆ, ಅಥವಾ ವೇರಿಯೇಬಲ್ ಖಾಲಿ ಇಲ್ಲದಿದ್ದರೆ' ಅಂತ ಎರಡೂ ಬರೀತಾರೆ.

ಸೊರಬದ_ಹುಡುಗ
ನಾನು ಒಪ್ಪಲ್ಲ. ನ್ಯೂಲೈನ್ ಅಂದ್ರೆ ಎರಡು ಸಾಲಿನ ಮಧ್ಯದ ಗೋಡೆ. ಏಳು ಕೋಣೆಗೆ ಆರು ಗೋಡೆ ಸಾಕು. ಕೊನೆಗೂ ಒಂದು ಹಾಕಿದ್ರೆ ವಿಎಸ್ ಕೋಡ್ ಎಡಿಟರಲ್ಲಿ 8ನೇ ಸಾಲಿನ ನಂಬರ್ ಬರತ್ತೆ, ಅಲ್ಲಿ ಏನೂ ಇರಲ್ಲ. ಸಾಮಾನ್ಯ ಮನುಷ್ಯ ನೋಡೋದು ಪರದೆಯನ್ನ, ಪಾಸಿಕ್ಸ್ ಅಲ್ಲ. ಅಲ್ಲಿ ಖಾಲಿ ಸಾಲು ಕಂಡ್ರೆ ಯಾರಾದ್ರೂ ಅಳಿಸ್ತಾರೆ.

ಕಪ್ಪುಪರದೆ
ವಿಮ್ ಎಡಿಟರಲ್ಲಿ ಆ 8 ಕಾಣಲ್ಲ. ಸೇವ್ ಮಾಡೋವಾಗ ಕೊನೇ ನ್ಯೂಲೈನ್ ತಾನೇ ಹಾಕತ್ತೆ. ನ್ಯಾನೋ ಕೂಡ.

ಸೊರಬದ_ಹುಡುಗ
ಅದನ್ನೇ ನಾನೂ ಹೇಳ್ತಿರೋದು ಗುರೂ. ಒಂದು ಎಡಿಟರ್ ಕೇಳದೇ ಹಾಕತ್ತೆ, ಇನ್ನೊಂದು ಸೆಟ್ಟಿಂಗ್ ಆನ್ ಮಾಡೋವರೆಗೂ ಹಾಕಲ್ಲ. ಇಬ್ಬರು ಒಂದೇ ಫೈಲ್ ಮೇಲೆ ಕೆಲಸ ಮಾಡಿದ್ರೆ ಗಿಟ್ಟಲ್ಲಿ (ಫೈಲಿನ ಬದಲಾವಣೆಗಳ ದಾಖಲೆ ಇಡೋ ಸಾಫ್ಟ್‌ವೇರ್) ದಿನಾ ಅದೇ ಜಗಳ. ಪಟ್ಟಿ ಕೊನೆಗೆ ಹೊಸ ಹೆಸರು ಸೇರಿಸಿದ್ರೆ ಡಿಫ್, ಅಂದ್ರೆ ಏನೇನು ಬದಲಾಯ್ತು ಅನ್ನೋ ಪಟ್ಟಿ, ಒಂದು ಸಾಲು ಬಂತು ಅನ್ನಲ್ಲ, ಹೊಸನಗರ ಹೋಯ್ತು, ಹೊಸನಗರ ಬಂತು, ಜೊತೆಗೆ ಇನ್ನೊಂದು ಬಂತು ಅನ್ನತ್ತೆ.

ತುಂಗಾತೀರ
ಆ ಡಿಫ್ ಗಲಾಟೆ ಆಗೋದು ಕೊನೇ ನ್ಯೂಲೈನ್ ಇಲ್ದಿದ್ದಾಗ ಮಾತ್ರ ಕಣೋ. ನೀನು ಕೊಟ್ಟ ಉದಾಹರಣೆ ನನ್ನ ಪಕ್ಷಕ್ಕೇ ಬಂತು. ತಂಡದಲ್ಲಿ ಜಗಳ ಬೇಡ ಅಂದ್ರೆ ಎಡಿಟರ್‌ಕಾನ್ಫಿಗ್ ಫೈಲ್ ಒಂದು ಇಟ್ಟು 'ಇನ್ಸರ್ಟ್ ಫೈನಲ್ ನ್ಯೂಲೈನ್' ಟ್ರೂ ಅಂತ ಬರೆದಿಡಿ, ಬಹಳಷ್ಟು ಎಡಿಟರ್‌ಗಳು ಪಾಲಿಸ್ತವೆ.

ಮಂಡಿಬಿಲ್ಲು
ಗೋಡೆ ಹೋಲಿಕೆ ಸರಿ ಇಲ್ಲ ತಮ್ಮ. ಅಡಿಕೆ ಚೀಲ ನೆನಪಿಸ್ಕೋ. ಪ್ರತಿ ಚೀಲದ ಬಾಯಿ ಹೊಲೀತೀವಿ, ಕೊನೇ ಚೀಲ ಅಂತ ಬಾಯಿ ತೆರೆದು ಲಾರಿಗೆ ಹಾಕ್ತೀವಾ? ನಾಳೆ ಅದರ ಪಕ್ಕ ಇನ್ನೊಂದು ಚೀಲ ಬಂದಾಗ ಸರಕು, ರಾಶಿ, ಗೊರಬಲು ಅಂತ ಬೇರೆಬೇರೆ ಮಾಡಿದ ಅಡಿಕೆಯೆಲ್ಲಾ ಕಲಸಿಹೋಗತ್ತೆ. ಇವತ್ತು ಯಾವುದು ಕೊನೇದೋ ನಾಳೆ ಅದು ಕೊನೇದಾಗಿರಲ್ಲ.

ನನಗಿದು ಬಿಲ್ ಪ್ರಿಂಟರಲ್ಲಿ ಅನುಭವ ಆಗಿದೆ. ತೂಕದ ಚೀಟಿಗೆ ಸಣ್ಣ ಥರ್ಮಲ್ ಪ್ರಿಂಟರ್ ಇಟ್ಟಿದ್ವಿ, ಪ್ರೋಗ್ರಾಂ ನಾನೇ ಬರೆದಿದ್ದು. ಆ ಪ್ರಿಂಟರಿಗೆ ಅಕ್ಷರ ಕಳಿಸಿದ ತಕ್ಷಣ ಅದು ಒತ್ತಲ್ಲ, ಬಫರಲ್ಲಿ ಇಟ್ಕೊಂಡು ಲೈನ್ ಫೀಡ್ ಬಂದಾಗ ಮಾತ್ರ ಆ ಸಾಲು ಕಾಗದಕ್ಕೆ ಇಳಿಯತ್ತೆ. ನಾನು ಕೊನೇ ಸಾಲಿಗೆ ಲೈನ್ ಫೀಡ್ ಹಾಕಿರ್ಲಿಲ್ಲ. ಕೊನೇ ಸಾಲು ಅಂದ್ರೆ ಯಾವುದು? ಒಟ್ಟು ಮೊತ್ತ. ಮೊದಲನೇ ರೈತರ ಚೀಟೀಲಿ ಮೊತ್ತ ಇಲ್ಲ, ಅದು ಎರಡನೆಯವರ ಚೀಟಿ ನೆತ್ತಿ ಮೇಲೆ ಬಂತು. ಅವರು ಹಿರಿಯರು, ಚೀಟಿ ತಿರುಗಿಸಿ ತಿರುಗಿಸಿ ನೋಡಿ "ಇದು ಯಾರ ದುಡ್ಡಪ್ಪ" ಅಂದ್ರು. ಲೆಕ್ಕದ ವಿಷಯದಲ್ಲಿ ರೈತರಿಗೆ ಅನುಮಾನ ಬರೋ ಹಂಗೆ ಮಾಡಬಾರದು ಕಣ್ರಿ, ಅವತ್ತಿಂದ ನನ್ನ ಯಾವ ಪ್ರೋಗ್ರಾಮೂ ನ್ಯೂಲೈನ್ ಇಲ್ದೇ ಮುಗಿಯಲ್ಲ.

ಕುಪ್ಪಳಿದಾರಿ
ಚೀಲ ಅಂದ್ರೆ ನೆನಪಾಯ್ತು, ಈ ಸಲ ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಎರಡನೇ ಸುತ್ತು ಯಾರ್ಯಾರು ಹೊಡೆದ್ರಿ? ನಮ್ಮಲ್ಲಿ ಮಳೆ ಬಿಡ್ತಾನೇ ಇಲ್ಲ.

ಮಳೆಲೆಕ್ಕ
ನಾನಿನ್ನೂ ಹೊಡೆದಿಲ್ಲ. ನಾವು ಈ ಮಳೆ ಮೆಸೇಜ್ ಶುರು ಮಾಡಿದ್ದೇ ಅದಕ್ಕೆ ಅಣ್ಣಾ, ಎಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾಗಿದೆ ಅಂತ ನೋಡ್ಕೊಂಡು ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡರನ್ನ ಕರೆಸೋಕೆ. ಹೊಸನಗರದವರಿಗೆ ಒಂದು ವಾರ ಅದೇ ತಪ್ಪಿಹೋಯ್ತಲ್ಲ ಅಂತ ನನಗೆ ಬೇಜಾರು. ಕೊಳೆ ಬಂದ್ಮೇಲೆ ಯಾವ ಮೆಸೇಜು ಬಂದು ಏನು ಪ್ರಯೋಜನ.

ಕುಪ್ಪಳಿದಾರಿ
ಹೌದು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇಷ್ಟು ಕಲಸಿಟ್ಟು ಮಳೆ ಬಂತು ಅಂದ್ರೆ ಅಷ್ಟೂ ವೇಸ್ಟು, ಮಾರನೇ ದಿನ ಅದೇ ಹೊಡೆಯೋ ಹಾಗಿಲ್ಲ.

ಅಕ್ಷರಜೋಡಣೆ
ವಿಷಯಕ್ಕೆ ವಾಪಸ್ ಬರೋಣ. ಕನ್ನಡದಲ್ಲಿ ಬರೆಯೋರಿಗೆ ಇದು ಇಂಗ್ಲಿಷಿಗಿಂತ ಜಾಸ್ತಿ ಕಾಟ ಕೊಡತ್ತೆ, ಯಾರೂ ಹೇಳಿಲ್ಲ ಅದಕ್ಕೆ ಬರೀತಿದೀನಿ. ಎರಡು ಫೈಲನ್ನ ಕ್ಯಾಟ್ ಮಾಡಿ ಒಂದಕ್ಕೊಂದು ಸೇರಿಸ್ತೀವಿ ಅಂದ್ಕೊಳ್ಳಿ. ಮೊದಲನೇ ಫೈಲಿನ ಕೊನೇ ಸಾಲು 'ಇವತ್ತು ಪವರ್ ಕಟ್', ಅದಾದ್ಮೇಲೆ ನ್ಯೂಲೈನ್ ಇಲ್ಲ. ಎರಡನೇ ಫೈಲ್ ಶುರು ಆಗೋದು 'ಸಾಗರ 84' ಅಂತ. ಇಂಗ್ಲಿಷಲ್ಲಾದ್ರೆ ಎರಡು ಪದ ಅಂಟಿಕೊಳ್ಳತ್ತೆ ಅಷ್ಟೇ, ಒಂದೊಂದು ಅಕ್ಷರ ಹಂಗೇ ಇರತ್ತೆ. ನಮ್ಮಲ್ಲಿ 'ಕಟ್' ಪದದ ಕೊನೇಲಿ ವಿರಾಮ (ಅಕ್ಷರವನ್ನ ಅರ್ಧ ಮಾಡೋ ಚಿಹ್ನೆ) ಇದೆ, ಅದು ಮುಂದಿನ ಸ ಜೊತೆ ಸೇರಿ ಒತ್ತಕ್ಷರ ಆಗಿಬಿಡತ್ತೆ: 'ಪವರ್ ಕಟ್ಸಾಗರ 84'. ಸಾಗರ ತಾಲೂಕು ಕರೆಂಟ್ ಹೋದ ಸಾಲಿನ ಒಳಗೆ ಒತ್ತಾಗಿ ಕೂತ್ಕೊಂಡಿರತ್ತೆ!

ಇನ್ನೂ ಸೂಕ್ಷ್ಮ ಒಂದಿದೆ. ಗ್ರೆಪ್ ಮಾಡಿ 'ಸಾಗರ' ಹುಡುಕಿದ್ರೆ ಸಿಗತ್ತೆ, ಯಾಕಂದ್ರೆ ಯುನಿಕೋಡಲ್ಲಿ ಟ, ವಿರಾಮ, ಸ, ದೀರ್ಘ ಹಿಂಗೆ ಬಿಡಿಬಿಡಿಯಾಗೇ ಇರತ್ತೆ. ಸಾಲಿನ ಶುರುವಲ್ಲಿ ಸಾಗರ ಇರೋದನ್ನ ಕೊಡು ಅಂದ್ರೆ ಸಿಗಲ್ಲ. ಅದೇ ಪಟ್ಟೀನ ಕಣ್ಣಲ್ಲಿ ಓದೋರಿಗೆ ಸಾಗರ ಅನ್ನೋ ಪದವೇ ಕಾಣಲ್ಲ. ಕನ್ನಡದ ಒಂದು ಅಕ್ಷರ ಯುಟಿಎಫ್-8ರಲ್ಲಿ ಕಡಿಮೆ ಅಂದ್ರೆ 3 ಬೈಟು, ಒತ್ತಿದ್ರೆ 9. ನ್ಯೂಲೈನ್ 1 ಬೈಟು. ಆ ಒಂದು ಬೈಟು ಉಳಿಸೋಕೆ ಹೋಗಿ ಅಕ್ಷರವೇ ಬದಲಾಗತ್ತೆ.

ಸೊರಬದ_ಹುಡುಗ
ಇದು ನನಗೆ ಗೊತ್ತಿರ್ಲಿಲ್ಲ. ಈಗಷ್ಟೇ ಮಾಡಿ ನೋಡಿದೆ, ಹಂಗೇ ಬಂತು.

ಲ್ಯಾಬ್‌ಮೇಡಂ
ನಾನು ಡಿಗ್ರಿ ಹುಡುಗರಿಗೆ ಸಿ ಮತ್ತೆ ಪೈಥಾನ್ ಹೇಳಿಕೊಡ್ತೀನಿ. ಹುಡುಗರು ಕೇಳೋ ಪ್ರಶ್ನೇಲಿ ಅರ್ಧ ಇಲ್ಲೇ ಬರತ್ತೆ, ಮತ್ತೆ ಅವರದ್ದು ತಪ್ಪಲ್ಲ. ಸಿ ಲೈಬ್ರರಿಯ ಫಂಕ್ಷನ್‌ಗಳನ್ನೇ ನೋಡಿ: ಪುಟ್ಸ್ ತಾನೇ ಒಂದು ನ್ಯೂಲೈನ್ ಸೇರಿಸತ್ತೆ, ಎಫ್‌ಪುಟ್ಸ್ ಸೇರಿಸಲ್ಲ. ಗೆಟ್ಸ್ ಓದಿ ನ್ಯೂಲೈನ್ ಕಿತ್ತು ಹಾಕ್ತಿತ್ತು, ಎಫ್‌ಗೆಟ್ಸ್ ಇಟ್ಕೊಳತ್ತೆ. ಹೆಸರು ಅಣ್ಣತಮ್ಮಂದಿರ ಥರ, ನಡವಳಿಕೆ ಉಲ್ಟಾ. ಗೆಟ್ಸನ್ನ ಬೇರೆ ಕಾರಣಕ್ಕೆ 2011ರ ಸ್ಟ್ಯಾಂಡರ್ಡಲ್ಲಿ ತೆಗೆದ್ರು, ಅದಕ್ಕೆ ಅಳತೆ ಮೀರಿದ್ರೂ ತುಂಬ್ತಾನೇ ಹೋಗೋ ಚಾಳಿ ಇತ್ತು. ಹಳೇ ಕೋಡಲ್ಲಿ ಗೆಟ್ಸ್ ತೆಗೆದು ಎಫ್‌ಗೆಟ್ಸ್ ಹಾಕಿದ್ರೆ 'ಹೆಸರು ಸಿಗ್ತಿಲ್ಲ' ಅಂತ ಬರ್ತಾರೆ ಹುಡುಗರು. ಹೋಲಿಸೋವಾಗ ಒಂದರ ಕೊನೇಲಿ ನ್ಯೂಲೈನ್ ಅಂಟಿಕೊಂಡಿರತ್ತೆ, ಪ್ರಿಂಟ್ ಮಾಡಿದ್ರೆ ಎರಡೂ ಒಂದೇ ಥರ ಕಾಣ್ತವೆ.

ಪೈಥಾನ್ ಕೂಡ ಅದೇ ದಾರಿ. ಪ್ರಿಂಟ್ ಸೇರಿಸತ್ತೆ, ರೈಟ್ ಸೇರಿಸಲ್ಲ, ಇನ್‌ಪುಟ್ ತೆಗೆಯತ್ತೆ, ರೀಡ್‌ಲೈನ್ ಇಟ್ಕೊಳತ್ತೆ. ರೈಟ್‌ಲೈನ್ಸ್ ಅಂತ ಒಂದಿದೆ, ಹೆಸರಲ್ಲೇ ಲೈನ್ಸ್ ಇದೆ, ಒಂದೂ ನ್ಯೂಲೈನ್ ಹಾಕಲ್ಲ! ಮಳೆಲೆಕ್ಕ ಅವ್ರ ಜಾಯಿನ್ ಕೂಡ ಇದೇ ಸಾಲಿಗೆ ಸೇರತ್ತೆ, ಅದು ಮಧ್ಯೆ ಮಾತ್ರ ಹಾಕೋದು. ಒಂದು ಪದ್ಧತಿ ಅಂತ ಇದ್ದಿದ್ರೆ ಮಕ್ಕಳು ಒಂದು ಸಲ ಕಲಿತು ಮುಂದೆ ಹೋಗ್ತಿದ್ರು. ಈಗ ಒಂದೊಂದು ಫಂಕ್ಷನ್ನಿಗೂ ಬಾಯಿಪಾಠ. ಆನ್‌ಲೈನ್ ಪರೀಕ್ಷೇಲಿ ಉತ್ತರ ಬೈಟಿಗೆ ಬೈಟು ಹೋಲಿಸೋ ಸಾಫ್ಟ್‌ವೇರ್ ಇದ್ರೆ ಸರಿ ಉತ್ತರಕ್ಕೂ ಸೊನ್ನೆ ಬೀಳತ್ತೆ. ನನ್ನ ಕಣ್ಣಮುಂದೆ ಒಬ್ಬ ಹುಡುಗಿ ಅತ್ತಿದಾಳೆ.

ಕಪ್ಪುಪರದೆ
ಮೇಡಂ ಹೇಳಿದ್ದು ಸರಿ. ಬ್ಯಾಶ್ ಥರದ ಶೆಲ್ಲಲ್ಲೂ ಹಂಗೇ. ಒಂದು ಕಮ್ಯಾಂಡಿನ ಔಟ್‌ಪುಟ್ಟನ್ನ ಡಾಲರ್ ಬ್ರ್ಯಾಕೆಟಲ್ಲಿ ಹಿಡಿದ್ರೆ ಕೊನೇ ನ್ಯೂಲೈನ್ ಎಷ್ಟಿದ್ರೂ ಅಷ್ಟೂ ಕಿತ್ತುಹಾಕತ್ತೆ. ಬ್ಯಾಶಿನ ಹಿಯರ್ ಸ್ಟ್ರಿಂಗ್ (ಪಠ್ಯವನ್ನ ನೇರ ಕಮ್ಯಾಂಡಿಗೆ ಕೊಡೋ ವಿಧಾನ) ಕೇಳದೇ ಒಂದು ಸೇರಿಸತ್ತೆ. ಸೆಟ್ಟಿಂಗ್ ಫೈಲುಗಳಿಗೆ ಬಳಸೋ ಯಾಮಲ್ ಭಾಷೆ ಮಾಡಿದವರು ಮಾತ್ರ ಈ ಗೊಂದಲ ಒಪ್ಕೊಂಡು ಮೂರು ಆಯ್ಕೆ ಕೊಟ್ರು: ಬರೀ ಪೈಪ್ ಗೆರೆ ಹಾಕಿದ್ರೆ ಒಂದು ನ್ಯೂಲೈನ್ ಉಳಿಯತ್ತೆ, ಜೊತೆಗೆ ಮೈನಸ್ ಹಾಕಿದ್ರೆ ಎಲ್ಲ ಹೋಗತ್ತೆ, ಪ್ಲಸ್ ಹಾಕಿದ್ರೆ ಇದ್ದಷ್ಟೂ ಉಳಿಯತ್ತೆ. ನನಗೆ ಅದು ಇಷ್ಟ. ಏನು ಬೇಕು ಅಂತ ಬರೆದೋನೇ ಹೇಳ್ಬೇಕು, ಸಾಫ್ಟ್‌ವೇರ್ ಊಹೆ ಮಾಡಬಾರದು.

ಭದ್ರಾನಾಲೆ
ನಂದು ಪಾಸ್‌ವರ್ಡ್ ಕಥೆ. ಡೇಟಾಬೇಸ್ ಪಾಸ್‌ವರ್ಡನ್ನ ಎಕೋ ಮಾಡಿ ಬೇಸ್64ಕ್ಕೆ (ಡೇಟಾವನ್ನ ಬೇರೆ ಅಕ್ಷರಗಳಿಗೆ ಬದಲಿಸೋ ಕಮ್ಯಾಂಡ್) ಕೊಟ್ಟು ಬಂದಿದ್ದನ್ನ ಕಾನ್ಫಿಗ್ ಫೈಲಲ್ಲಿ ಹಾಕಿದ್ದೆ. ಲಾಗಿನ್ ಆಗಲ್ಲ. ಕೈಯಲ್ಲಿ ಟೈಪ್ ಮಾಡಿದ್ರೆ ಆಗತ್ತೆ. ಎರಡು ದಿನ ಹೋಯ್ತು. ಎಕೋ ಕೊನೆಗೊಂದು ನ್ಯೂಲೈನ್ ಹಾಕಿರತ್ತೆ, ಅದೂ ಪಾಸ್‌ವರ್ಡಿನ ಒಳಗೇ ಸೇರ್ಕೊಂಡಿತ್ತು. ಎಕೋ -ಎನ್ ಅಥವಾ ಪ್ರಿಂಟ್‌ಎಫ್ ಬಳಸ್ಬೇಕು. ಡೇಟಾದ ಬೆರಳಚ್ಚಿನಂಥ ಹ್ಯಾಶ್ ತೆಗೆಯೋವಾಗಲೂ ಹಿಂಗೇ, ಒಂದು ಬೈಟ್ ಜಾಸ್ತಿ ಆದ್ರೆ ಹ್ಯಾಶ್ ಪೂರ್ತಿ ಬೇರೆ.

ಅದಕ್ಕೇ ಎಲ್ಲಾ ಕಡೆ ನ್ಯೂಲೈನ್ ಹಾಕಿ ಅನ್ನೋ ಮಂಡಿಬಿಲ್ಲು ಅವರ ಮಾತು ಪೂರ್ತಿ ಸರಿ ಅಲ್ಲ. ಸಾಲುಗಳ ಫೈಲಿಗೆ ಹಾಕಿ, ಒಂದೇ ಮೌಲ್ಯ ಇರೋ ಫೈಲಿಗೆ ಹಾಕ್ಬೇಡಿ.

ಮಂಡಿಬಿಲ್ಲು
ಅದನ್ನ ಒಪ್ತೀನಿ. ಪಾಸ್‌ವರ್ಡ್ ಚೀಲ ಅಲ್ಲ.

ಸೊರಬದ_ಹುಡುಗ
ಹಂಗಾದ್ರೆ ನನ್ನ ಪ್ರಶ್ನೆ ಇಷ್ಟೇ. ಬರೆಯೋವಾಗ ಎಲ್ರೂ ಹಾಕಲಿ, ಓದೋವಾಗ ಇದ್ರೂ ಇಲ್ದಿದ್ರೂ ಒಪ್ಕೊಳ್ಳಲಿ. ಪೈಥಾನ್ ಹಂಗೇ ಓದತ್ತೆ, ಬ್ಯಾಶ್ ಮಾತ್ರ ಯಾಕೆ ಹಠ ಮಾಡ್ಬೇಕು? ಸಿ ಪ್ಲಸ್ ಪ್ಲಸ್ ಕೂಡ 2011ರ ಸ್ಟ್ಯಾಂಡರ್ಡಿಂದ ಸೋರ್ಸ್ ಫೈಲ್ ಕೊನೇಲಿ ನ್ಯೂಲೈನ್ ಇಲ್ದಿದ್ರೆ ಇದೆ ಅಂತಲೇ ತಿಳ್ಕೊಳತ್ತೆ. ಬಿಟ್ಟಿದ್ದನ್ನ ಸರಿಪಡಿಸ್ಕೊಂಡು ಓದೋದೇ ಒಳ್ಳೇ ಸಾಫ್ಟ್‌ವೇರು.

ಘಟ್ಟದಕೆಳಗೆ
ಇಲ್ಲ ಇಲ್ಲ, ಅಲ್ಲೇ ಮೋಸ ಹೋಗೋದು. ನಾನು ಆಗುಂಬೆ ಕಡೆಯವನು, ಮಳೆಗಾಲದಲ್ಲಿ ನಮಗೆ ಕರೆಂಟು ಯಾವಾಗ ಹೋಗತ್ತೆ ಯಾವಾಗ ಬರತ್ತೆ ಹೇಳಕ್ಕಾಗಲ್ಲ. ಮನೇಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟು ಮಳೆಮಾಪಕದ ಲೆಕ್ಕ ಗಂಟೆಗೊಂದು ಸಾಲಿನಂಗೆ ಫೈಲಿಗೆ ಬರೆಸ್ತೀನಿ. ಬರೀತಾ ಇರೋವಾಗಲೇ ಕರೆಂಟ್ ಹೋದ್ರೆ ಸಾಲು ಅರ್ಧಕ್ಕೆ ನಿಲ್ಲತ್ತೆ. ಒಂದು ದಿನ ಬೆಳಗ್ಗೆ ನೋಡಿದ್ರೆ ಕೊನೇ ಸಾಲಲ್ಲಿ ರಾತ್ರಿ ಒಟ್ಟು ಮಳೆ 11 ಮಿಲಿಮೀಟರ್ ಅಂತಿದೆ. ರಾತ್ರಿಯೆಲ್ಲ ಹೆಂಚಿನ ಮೇಲೆ ಸುರಿದ ಮಳೆಗೆ ನಿದ್ದೆ ಬಂದಿರಲಿಲ್ಲ ನಮಗೆ, 11 ಹೆಂಗಾಗತ್ತೆ? ಕೈಮಾಪಕ ನೋಡಿದ್ರೆ 112 ಇತ್ತು. ಎರಡು ಅಂಕಿ ಬರೆದು ಮೂರನೇದು ಬರೆಯೋ ಮೊದಲೇ ಕರೆಂಟ್ ಹೋಗಿದೆ.

ಈಗ ಹೇಳಿ. ನ್ಯೂಲೈನ್ ಇಲ್ಲದ ಸಾಲನ್ನೂ ಒಪ್ಕೊಳೋ ಪ್ರೋಗ್ರಾಂ 11 ಅಂತ ಧೈರ್ಯವಾಗಿ ಓದತ್ತೆ. 11 ಸರಿಯಾದ ಸಂಖ್ಯೇನೇ, ಎಲ್ಲೂ ಎರರ್ ಬರಲ್ಲ. ನ್ಯೂಲೈನ್ ಬೇಕೇ ಬೇಕು ಅನ್ನೋ ಪ್ರೋಗ್ರಾಮಿಗೆ ಮಾತ್ರ ಈ ಸಾಲು ಮುಗಿದಿಲ್ಲ ಅಂತ ಗೊತ್ತಾಗೋದು. ಕೊನೇ ನ್ಯೂಲೈನ್ ಅಂದ್ರೆ 'ಬರೆದು ಮುಗಿಸಿದೀನಿ' ಅನ್ನೋ ರುಜು. ರುಜು ಇಲ್ಲದ ಚೆಕ್ಕನ್ನ ಯಾರೂ ಪಾಸ್ ಮಾಡಲ್ಲ.

ತುಂಗಾತೀರ
ಇಷ್ಟು ವರ್ಷ ಕೆಲಸ ಮಾಡಿ ಇದನ್ನ ಈ ಕಡೆಯಿಂದ ಯೋಚನೆ ಮಾಡಿರ್ಲಿಲ್ಲ ನಾನು. ಕ್ರಾನ್‌ಟ್ಯಾಬ್ (ಹೊತ್ತಿಗೆ ಸರಿಯಾಗಿ ಕಮ್ಯಾಂಡ್ ಓಡಿಸೋ ವ್ಯವಸ್ಥೆ) ಯಾಕೆ ಅಷ್ಟು ಬಿಗಿ ಅಂತ ಈಗ ಅರ್ಥ ಆಯ್ತು. ಕೊನೇ ಸಾಲಿಗೆ ನ್ಯೂಲೈನ್ ಇಲ್ಲ ಅಂದ್ರೆ ಬಹಳ ಲಿನಕ್ಸ್‌ಗಳಲ್ಲಿ ಅದು ಫೈಲನ್ನ ಇನ್‌ಸ್ಟಾಲ್ ಮಾಡೋಕೇ ಒಪ್ಪಲ್ಲ. ಅರ್ಧ ಕಮ್ಯಾಂಡ್ ಓಡಿಸೋದಕ್ಕಿಂತ ಓಡಿಸದೇ ಇರೋದೇ ಮೇಲು. ಅಳಿಸೋ ಕಮ್ಯಾಂಡಲ್ಲಿ ಫೋಲ್ಡರಿನ ಪಾತ್ ಅರ್ಧಕ್ಕೆ ನಿಂತಿದ್ರೆ ಏನಾಗತ್ತೆ ಯೋಚನೆ ಮಾಡಿ.

ಸೊರಬದ_ಹುಡುಗ
112 ಹೋಗಿ 11 ಆಗೋದು ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೂ ಬ್ಯಾಶ್ ಮಾಡಿದ್ದು ಸರಿ ಅಲ್ಲ. ಅದು ಒಪ್ಪಲ್ಲ ಅಂತಾದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು. ಸುಮ್ನೆ ಬಿಟ್ಟುಬಿಡೋದು ಎರಡೂ ಅಲ್ಲ, ಓದಿದ್ದೂ ಅಲ್ಲ, ತಿರಸ್ಕರಿಸಿದ್ದೂ ಅಲ್ಲ. ವಾರಗಟ್ಲೆ ಹೊಸನಗರ ಇಲ್ದೇ ಹೋದ್ರೂ ಒಂದು ಎಚ್ಚರಿಕೆ ಬರಲಿಲ್ಲವಲ್ಲ.

ಘಟ್ಟದಕೆಳಗೆ
ಆ ಮಾತಿಗೆ ನಂದೂ ಒಪ್ಪಿಗೆ ಇದೆ. ಗಿಟ್ ಮಾತ್ರ ಬಾಯಿಬಿಟ್ಟು ಹೇಳತ್ತೆ ನೋಡಿ, ಡಿಫ್ ಕೆಳಗೆ ಫೈಲ್ ಕೊನೇಲಿ ನ್ಯೂಲೈನ್ ಇಲ್ಲ ಅಂತ. ಝಡ್‌ಎಸ್‌ಎಚ್ ಶೆಲ್ಲು ಔಟ್‌ಪುಟ್ ನ್ಯೂಲೈನಲ್ಲಿ ಮುಗೀಲಿಲ್ಲ ಅಂದ್ರೆ ಬಣ್ಣ ತಿರುಗಿಸಿದ ಪರ್ಸೆಂಟ್ ಗುರುತು ತೋರಿಸತ್ತೆ.

ಶರಾವತಿಹಿನ್ನೀರು
ನಾನು ಹೊಸನಗರದವಳು, ಮಳೆಲೆಕ್ಕ ಅವರ ಗ್ರೂಪಲ್ಲಿದೀನಿ. ಕಂಪ್ಯೂಟರ್ ವಿಷಯ ಅಷ್ಟು ಗೊತ್ತಿಲ್ಲ, ಓದ್ತಾ ಬಂದೆ. ನಮ್ಮಜ್ಜನ ಕಾಲದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದು ಊರು ಬಿಟ್ಟು ಬಂದವರು ನಾವು, ಹಂಗಾಗಿ ಪಟ್ಟಿಯಿಂದ ನಮ್ಮ ತಾಲೂಕು ಬಿಟ್ಟೋದ್ರೆ ಅಮ್ಮನಿಗೆ ತಕ್ಷಣ ಮನಸ್ಸಿಗೆ ನಾಟತ್ತೆ. ಒಂದು ಬೈಟಿಂದ ಆಗಿದ್ದು ಅಂತ ಹೇಳಿದೆ, ಸಮಾಧಾನ ಆಯ್ತು ಅವರಿಗೆ. ಯಾವತ್ತು ಸರಿ ಆಗತ್ತೆ ಅಣ್ಣಾ?

ಮಳೆಲೆಕ್ಕ
ನಾಳೆ ಬೆಳಗ್ಗೆಯ ಮೆಸೇಜಲ್ಲಿ ಇರತ್ತೆ ಅಕ್ಕ. ಅಮ್ಮನಿಗೆ ನನ್ನ ಕಡೆಯಿಂದ ಕ್ಷಮೆ ಕೇಳಿದೆ ಅಂತ ಹೇಳಿ.

ಮಳೆಲೆಕ್ಕ
ಮಾರನೇ ದಿನದ ಅಪ್ಡೇಟ್. ರಾತ್ರಿ ಎರಡು ಕಡೆ ಸರಿ ಮಾಡಿದ್ದೆ, ಪೈಥಾನಲ್ಲಿ ಜಾಯಿನ್ ಆದ್ಮೇಲೆ ಒಂದು ನ್ಯೂಲೈನ್ ಸೇರಿಸಿದೆ, ಮತ್ತೆ ನಂಬಿಕೆ ಸಾಲದೇ ಶೆಲ್ ಸ್ಕ್ರಿಪ್ಟಲ್ಲೂ ಫೈಲ್ ಕೊನೆಗೆ ಇನ್ನೊಂದು ಸೇರಿಸಿದೆ. ಬೆಳಗ್ಗೆ ಹೊಸನಗರ ಬಂತು. ಅದರ ಕೆಳಗೆ ಹೆಸರೇ ಇಲ್ಲದ 8ನೇ ತಾಲೂಕು ಬಂತು, ಅದಕ್ಕೆ ಇಡೀ ಜಿಲ್ಲೆಯ ಮಳೆ! ಎರಡು ನ್ಯೂಲೈನ್ ಆಗಿ ಖಾಲಿ ಸಾಲಾಗಿದೆ, ಖಾಲಿ ಹೆಸರಿಟ್ಟು ಗ್ರೆಪ್ ಮಾಡಿದ್ರೆ ಎಲ್ಲಾ ಸಾಲೂ ಹೊಂದತ್ತೆ.

ಕಪ್ಪುಪರದೆ
ಕಣ್ಣುಮುಚ್ಚಿ ಸೇರಿಸ್ಬೇಡಿ. ಟೇಲ್ -ಸಿ 1 ಕೊಟ್ಟು ಕೊನೇ ಬೈಟ್ ತೆಗೆದು ನೋಡಿ, ಅದು ನ್ಯೂಲೈನ್ ಅಲ್ದಿದ್ರೆ ಮಾತ್ರ ಸೇರಿಸಿ. ಡಾಲರ್ ಬ್ರ್ಯಾಕೆಟ್ ಕೊನೇ ನ್ಯೂಲೈನ್ ಕೀಳತ್ತೆ ಅಂದೆನಲ್ಲ, ಇಲ್ಲಿ ಅದೇ ಉಪಯೋಗಕ್ಕೆ ಬರತ್ತೆ: ಕೊನೇ ಬೈಟ್ ಹಿಡಿದಾಗ ಖಾಲಿ ಬಂದ್ರೆ ನ್ಯೂಲೈನ್ ಇದೆ ಅಂತ.

ಮಳೆಲೆಕ್ಕ
ಮಾಡಿದೆ, ಕೆಲಸ ಮಾಡ್ತು. ತಾಲೂಕಿನ ಪಟ್ಟಿ ನಾನೇ ಬರೆಯೋ ಫೈಲು, ಅದನ್ನ ಹಿಂಗೆ ಸರಿಪಡಿಸ್ಕೊಂಡೇ ಓದ್ತೀನಿ, ಖಾಲಿ ಸಾಲು ಬಿಡ್ತೀನಿ. ಅಳತೆಯ ಫೈಲಿಗೆ ಮಾತ್ರ ಘಟ್ಟದಕೆಳಗೆ ಅವರು ಹೇಳಿದಂಗೆ, ಕೊನೇ ಸಾಲಿಗೆ ನ್ಯೂಲೈನ್ ಇಲ್ಲ ಅಂದ್ರೆ ಲೆಕ್ಕಕ್ಕೆ ತಗೊಳಲ್ಲ, 'ಮತ್ತೊಮ್ಮೆ ಕಳಿಸಿ' ಅಂತ ಮೆಸೇಜ್ ಹೋಗತ್ತೆ.

ಶರಾವತಿಹಿನ್ನೀರು
ಈಗ ಬಂತು ಅಣ್ಣಾ. 7 ಸಾಲು, ನಮ್ಮದು ಕೊನೇದು, 96 ಮಿಲಿಮೀಟರ್. ಕೆಳಗೆ ಏನೂ ಇಲ್ಲ.

ಕುಪ್ಪಳಿದಾರಿ
96 ಅಂದ್ರೆ ಅಲ್ಲಿ ಈ ವಾರವೂ ಬೋರ್ಡೋ ಆಗಲ್ಲ.